ಚಿರೇಕಲ್ಲಿನ ಮನೆ, ಮ್ಯೂಸಿಕ್ ಸ್ಟ್ರೀಮರ್: ರಿಪೀಟರ್, ಪವರ್‌ಲೈನ್, ಮೆಶ್, ಕೇಬಲ್ ನಾಲ್ಕನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೇಬಲ್‌ಗೆ. ಗೋಡೆ ಗುಂಟ ಎಳೆದ ಸಾದಾ ಲ್ಯಾನ್ ಕೇಬಲ್. ಅದು ಬಂದ ಮೇಲೆ ನಮ್ಮ ಜಗಲಿಯಲ್ಲಿ ಹಾಡು ಅರ್ಧಕ್ಕೆ ನಿಂತಿಲ್ಲ. ರಿಪೀಟರ್, ಪವರ್‌ಲೈನ್, ಮೆಶ್ ಮೂರನ್ನೂ ಇದೇ ಮನೆಯಲ್ಲಿ, ಇದೇ ಸ್ಟ್ರೀಮರ್‌ಗೆ (ಇಂಟರ್ನೆಟ್ಟಿನಿಂದ ಹಾಡು ತಂದು ಆಂಪ್ಲಿಫೈಯರ್‌ಗೆ ಕೊಡುವ ಡಬ್ಬಿ) ಹಾಕಿ ನೋಡಿದ್ದೇನೆ. ಎಲ್ಲರ ಮನೆಗೂ ಕೇಬಲ್ಲೇ ಸರಿ ಅಂತ ಅಲ್ಲ, ಆದರೆ ನಮ್ಮ ಕರಾವಳಿ ಕಡೆಯ ಹಳೇ ಮನೆಗಳಿಗೆ ಇದರಷ್ಟು ನೆಮ್ಮದಿ ಬೇರೆ ಯಾವುದರಲ್ಲೂ ಸಿಗಲಿಲ್ಲ.

ಮನೆ ಇರುವುದು ಹೊನ್ನಾವರದ ಹತ್ತಿರ. ಚಿರೇಕಲ್ಲಿನ ಗೋಡೆ, ಒಳಗಿನವು ಕೂಡ ಒಂದಡಿಗಿಂತ ದಪ್ಪ. ಮೇಲೆ ಹಂಚು. ಇಂಟರ್ನೆಟ್ಟಿನ ಫೈಬರ್ ಬಂದು ನಿಲ್ಲುವುದು ಹಿಂದಿನ ಕೋಣೆಯಲ್ಲಿ, ಯಾಕೆಂದರೆ ಇನ್ವರ್ಟರ್ ಅಲ್ಲಿದೆ. ಸ್ಟ್ರೀಮರ್, ಆಂಪ್ಲಿಫೈಯರ್, ಸ್ಪೀಕರ್ ಎಲ್ಲ ಇರುವುದು ಜಗಲಿಯಲ್ಲಿ, ಅಪ್ಪ ಕೂರುವ ಜಾಗದಲ್ಲಿ. ನಡುವೆ ಮೂರು ಗೋಡೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿತ್ತು. ಜೂನ್ ಬಂದು ಕಲ್ಲು ನೀರು ಕುಡಿದ ಮೇಲೆ ವೈಫೈ ಇನ್ನಷ್ಟು ಸೊರಗಿತು. ರೇಡಿಯೋ ಅಲೆಯನ್ನು ನೀರು ಚೆನ್ನಾಗಿಯೇ ಹೀರಿಕೊಳ್ಳುತ್ತದೆ, ಒದ್ದೆ ಗೋಡೆ ಒಣ ಗೋಡೆಗಿಂತ ಜಾಸ್ತಿ ತಡೆಯುತ್ತದೆ.

ನಮ್ಮಲ್ಲಿ ಕೇಳುವುದು ತಾಳಮದ್ದಲೆ ಮತ್ತು ಹಿಂದೂಸ್ತಾನಿ. ಸಿನಿಮಾ ಹಾಡು ಒಮ್ಮೆ ನಿಂತರೆ ಮತ್ತೆ ಹಾಕಿಕೊಳ್ಳಬಹುದು. ಭೀಮಸೇನ ಜೋಶಿಯವರು ವಿಲಂಬಿತ ಲಯದಲ್ಲಿ ನಿಧಾನಕ್ಕೆ ಒಂದೊಂದೇ ಸ್ವರ ಬಿಡಿಸುತ್ತಾ ತಾಳದ ಮೊದಲ ಪೆಟ್ಟಾದ ಸಮಕ್ಕೆ ಬರುವ ಹೊತ್ತಿಗೆ ಸದ್ದು ನಿಂತರೆ ಆ ಇಡೀ ಆವರ್ತನವೇ ಹೋಯಿತು. "ತಮಾ, ಮತ್ತೆ ನಿಂತೋತು ನೋಡು" ಅಂತ ಅಪ್ಪ ಕೂಗಿದಾಗಲೆಲ್ಲ ನನಗೆ ಬೇಜಾರಾಗುತ್ತಿತ್ತು. ಇಷ್ಟು ದುಡ್ಡು ಹಾಕಿ ಸ್ಪೀಕರ್ ತಂದದ್ದು ಅವರು ಕೂತು ಕೇಳಲಿ ಅಂತಲೇ.

ಯಾವ ಡಬ್ಬಿ ಕೊಳ್ಳುವ ಮುಂಚೆಯೂ ಒಂದು ವಿಷಯ ಗೊತ್ತಿರಲಿ. ಇಂಥ ತೊಂದರೆಗೆ ಇಂಟರ್ನೆಟ್ ವೇಗ ಕಾರಣವಾಗುವುದು ಬಹಳ ಕಡಿಮೆ. ಸಿಡಿ ಗುಣಮಟ್ಟದ ಸಂಗೀತ ಅಂದರೆ 16 ಬಿಟ್, 44.1 ಕಿಲೋಹರ್ಟ್ಜ್. ಕುಗ್ಗಿಸದೆ ಕಳಿಸಿದರೂ ಸೆಕೆಂಡಿಗೆ 1,411 ಕಿಲೋಬಿಟ್, ಅಂದರೆ ಒಂದೂವರೆ ಮೆಗಾಬಿಟ್ ಕೂಡ ಇಲ್ಲ. ಗುಣಮಟ್ಟ ಕೆಡಿಸದೆ ಕುಗ್ಗಿಸುವ ಫ್ಲ್ಯಾಕ್ ಮಾಡಿದರೆ ಇನ್ನೂ ಕಡಿಮೆ. 24 ಬಿಟ್, 192 ಕಿಲೋಹರ್ಟ್ಜ್‌ನ ದೊಡ್ಡ ಫೈಲ್‌ಗೂ ಸುಮಾರು 9 ಮೆಗಾಬಿಟ್ ಸಾಕು. ಹಾಗಾಗಿ 50 ಎಂಬಿಪಿಎಸ್ ಪ್ಲಾನ್‌ನಿಂದ 200ಕ್ಕೆ ಹೋದರೆ ಸುಮ್ನೆ ದುಡ್ಡು ದಂಡ. ಸಂಗೀತಕ್ಕೆ ಬೇಕಾದದ್ದು ವೇಗಕ್ಕಿಂತ ನಿರಂತರತೆ. ಎರಡು ಸೆಕೆಂಡು ಪೂರ್ತಿ ಕಡಿದುಹೋಗುವ ವೇಗದ ಲೈನ್‌ಗಿಂತ ಕಡಿಯದೇ ಬರುವ ನಿಧಾನದ ಲೈನ್ ಮೇಲು.

ತೊಂದರೆ ಮನೆಯ ಹೊರಗಿದೆಯೋ ಒಳಗಿದೆಯೋ ಅಂತ ತಿಳಿಯಲು ಸುಲಭ ದಾರಿ ಇದೆ. ರೂಟರ್‌ಗೆ ಸಿಕ್ಕಿಸಿದ ಹಾರ್ಡ್ ಡಿಸ್ಕಿನಿಂದ ಹಾಡು ಹಾಕಿ. ಅದೂ ನಿಂತರೆ ಇಂಟರ್ನೆಟ್ ನಿರಪರಾಧಿ, ತೊಂದರೆ ನಿಮ್ಮ ಗೋಡೆಗಳ ಒಳಗೇ ಇದೆ. ಡಿಸ್ಕ್ ಇಲ್ಲವಾದರೆ ಲ್ಯಾಪ್‌ಟಾಪಿನಿಂದ ಸ್ಟ್ರೀಮರ್‌ನ ಐಪಿಗೆ (ನೆಟ್‌ವರ್ಕಿನಲ್ಲಿ ಅದರ ವಿಳಾಸದ ನಂಬರು) ಪಿಂಗ್ ಬಿಟ್ಟು ನೋಡಿ, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಅಳೆಯಿರಿ. ನಮ್ಮಲ್ಲಿ ರೂಟರ್ ತಕ್ಷಣ ಉತ್ತರ ಕೊಡುತ್ತಿತ್ತು. ಸ್ಟ್ರೀಮರ್ ಮಾತ್ರ ಒಮ್ಮೆ 4 ಮಿಲಿಸೆಕೆಂಡು, ಮರುಗಳಿಗೆ 900, ಆಮೇಲೆ ಉತ್ತರವೇ ಇಲ್ಲ. ಆ ಸಾಲುಗಳನ್ನು ನೋಡಿದ ಮೇಲೆ ಯಾವ ಕಸ್ಟಮರ್ ಕೇರ್‌ಗೂ ಫೋನ್ ಮಾಡುವ ಅಗತ್ಯ ಉಳಿಯಲಿಲ್ಲ.

ಖರ್ಚಿಲ್ಲದೆ ಆಗುವುದನ್ನೆಲ್ಲ ಮೊದಲು ಮಾಡಿ. ರೂಟರ್ ಸೆಟ್ಟಿಂಗ್‌ಗೆ ಹೋಗಿ, ವೈಫೈನ 2.4 ಗಿಗಾಹರ್ಟ್ಜ್‌ನಲ್ಲಿ ಚಾನೆಲ್ 1, 6, 11 ಇವುಗಳಲ್ಲಿ ಒಂದನ್ನು ನೀವೇ ಆರಿಸಿ, ಅಗಲ 20 ಮೆಗಾಹರ್ಟ್ಜ್ ಇಡಿ. ಕಲ್ಲಿನ ಗೋಡೆ ದಾಟಲು 5 ಗಿಗಾಹರ್ಟ್ಜ್ ನಂಬಬೇಡಿ. ರೂಟರ್ ಅನ್ನು ಕಪಾಟಿನ ಒಳಗಿಂದ ಹೊರಗೆ ತನ್ನಿ. ನಮ್ಮಲ್ಲಿ ಇದರಿಂದ ಸ್ವಲ್ಪ ಸುಧಾರಿಸಿತು, ಪೂರ್ತಿ ಗುಣವಾಗಲಿಲ್ಲ.

ಇನ್ನು ಡಬ್ಬಿಗಳು. ರಿಪೀಟರ್ ಎಲ್ಲಕ್ಕಿಂತ ಅಗ್ಗ, ಸಾವಿರದ ಚಿಲ್ಲರೆ. ನಡುಮನೆಯ ಪ್ಲಗ್‌ಗೆ ಸಿಕ್ಕಿಸಿದರೆ ಫೋನಿನಲ್ಲಿ ಕಡ್ಡಿಗಳೆಲ್ಲ ತುಂಬಿ ಬರುತ್ತವೆ, ನೋಡಲು ಖುಷಿ. ಹಾಡು ಮಾತ್ರ ನಿಲ್ಲುತ್ತಲೇ ಇತ್ತು. ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು, ಅದೇ ರೇಡಿಯೋದಲ್ಲಿ ಮತ್ತೆ ಹೇಳಬೇಕು. ಅರ್ಧ ಸಮಯ ಅಲ್ಲೇ ಹೋಯಿತು. ಅದಕ್ಕೆ ಬರುವ ಸಿಗ್ನಲ್ಲೇ ಹರಿದಿದ್ದರೆ ಹರಿದದ್ದನ್ನೇ ಜೋರಾಗಿ ಹೇಳುತ್ತದೆ, ಅಷ್ಟೇ. ಕಡ್ಡಿ ತೋರಿಸುವುದು ರಿಪೀಟರ್‌ಗೂ ಫೋನಿಗೂ ನಡುವಿನ ಸಂಬಂಧವನ್ನು ಮಾತ್ರ, ಅದರ ಹಿಂದಿನದ್ದನ್ನಲ್ಲ. ವಾಟ್ಸಾಪ್ ನೋಡುವವರಿಗೆ ಸಾಕು. ಸಂಗೀತಕ್ಕೆ ಬೇಡ.

ಪವರ್‌ಲೈನ್ ಅಡಾಪ್ಟರ್ ಮೇಲೆ ನನಗೆ ಬಹಳ ಆಸೆ ಇತ್ತು. ಕರೆಂಟಿನ ವೈರಿನಲ್ಲೇ ನೆಟ್‌ವರ್ಕ್ ಹೋಗುವುದಾದರೆ ಗೋಡೆಯ ತಂಟೆಯೇ ಇಲ್ಲ ಅಲ್ವಾ. ಹಗಲು, ಕರೆಂಟು ಇದ್ದಾಗ, ಪರವಾಗಿಲ್ಲ ಅನ್ನುವ ಹಾಗೆ ನಡೆಯಿತು. ಆಯಿ ಮಿಕ್ಸರ್ ಹಾಕಿದರೆ ಒಮ್ಮೆ ತಡವರಿಸುತ್ತಿತ್ತು, ಅದನ್ನೂ ಸಹಿಸಬಹುದು. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಇರುವ ಹೊತ್ತಿಗಿಂತ ಇನ್ವರ್ಟರ್ ಮೇಲೆ ಕಳೆಯುವ ಸಂಜೆಗಳೇ ಜಾಸ್ತಿ. ಇನ್ವರ್ಟರ್ ಶುರುವಾದ ಕೂಡಲೇ ಪವರ್‌ಲೈನ್‌ನ ದೀಪ ಹಸಿರಿನಿಂದ ಕೆಂಪಾಗಿ, ಆಮೇಲೆ ಆರಿಯೇ ಹೋಗುತ್ತಿತ್ತು. ಎರಡೂ ಅಡಾಪ್ಟರ್‌ಗಳನ್ನು ಇನ್ವರ್ಟರ್ ಲೈನಿಗೇ ಹಾಕಿ ನೋಡಿದೆ. ನಮ್ಮ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್‌ನ ಗದ್ದಲದಲ್ಲಿ ಅವು ಒಂದಕ್ಕೊಂದು ಕೇಳಿಸಿಕೊಳ್ಳಲೇ ಇಲ್ಲ. ಸ್ಪೈಕ್ ಗಾರ್ಡ್‌ಗೆ ಹಾಕಿದರಂತೂ ಬಹಳ ಸಲ ಆಗುವುದೇ ಇಲ್ಲ, ಅದರೊಳಗೆ ಫಿಲ್ಟರ್ ಇದ್ದರೆ ಅದು ಈ ಸಿಗ್ನಲ್ ಅನ್ನೇ ಗದ್ದಲ ಅಂದುಕೊಂಡು ಅಳಿಸುತ್ತದೆ. ನೇರ ಗೋಡೆಯ ಪ್ಲಗ್ಗೇ ಬೇಕು. ತ್ರೀ ಫೇಸ್ ಮನೆಯಾದರೆ ಎರಡೂ ಪ್ಲಗ್ ಒಂದೇ ಫೇಸಿನಲ್ಲಿ ಇವೆಯಾ ಅಂತಲೂ ನೋಡಿಕೊಳ್ಳಬೇಕು.

ಮೆಶ್, ಅಂದರೆ ಒಂದಕ್ಕೊಂದು ಮಾತಾಡಿಕೊಂಡು ಮನೆಯಿಡೀ ಒಂದೇ ವೈಫೈ ಹರಡುವ ಡಬ್ಬಿಗಳ ಸೆಟ್ಟು, ಒಳ್ಳೆಯದು. ಶಿರಸಿಯ ಭಾವ ತಮ್ಮ ಎರಡು ಡಬ್ಬಿಯ ಸೆಟ್ಟನ್ನು ನೋಡಲು ಕೊಟ್ಟಿದ್ದರು. ಒಂದನ್ನು ಹಿಂದಿನ ಕೋಣೆಯಲ್ಲಿ, ಇನ್ನೊಂದನ್ನು ನಡುಮನೆಯ ಬಾಗಿಲಿಗೆ ಎದುರಾಗಿ ಇಟ್ಟೆ. ಬಾಗಿಲು ತೆರೆದಿದ್ದರೆ ಹಾಡು ಬಹುಪಾಲು ನಿಲ್ಲುತ್ತಿರಲಿಲ್ಲ. ರಿಪೀಟರ್‌ಗಿಂತ ಎಷ್ಟೋ ಮೇಲು. ಆದರೆ ತಲೆ ಕೆಡಿಸಿದ ಬೇರೊಂದು ತೊಂದರೆ ಇದರಲ್ಲೇ ಬಂತು. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಸ್ಟ್ರೀಮರ್ ಕೆಟ್ಟಿದೆ ಅಂತ ಅಂಗಡಿಗೆ ಹೊತ್ತುಕೊಂಡು ಹೋಗುವವರಲ್ಲಿ ಎಷ್ಟೋ ಜನರ ತೊಂದರೆ ಇದೇ ಇರಬಹುದು.

ಹಾಡು ಚೆನ್ನಾಗಿ ಬರುತ್ತಿರುತ್ತದೆ. ಫೋನಿನ ಆ್ಯಪ್ ಮಾತ್ರ "ಯಾವ ಸಾಧನವೂ ಸಿಗಲಿಲ್ಲ" ಅನ್ನುತ್ತದೆ. ವಾಲ್ಯೂಮ್ ಕಡಿಮೆ ಮಾಡಲು ಆಗದು, ಮುಂದಿನ ಹಾಡಿಗೆ ಹೋಗಲು ಆಗದು. ಸ್ಟ್ರೀಮರ್ ಆಫ್ ಮಾಡಿ ಆನ್ ಮಾಡಿದರೂ ಅದೇ ಕಥೆ. ಜಗಲಿಯಲ್ಲಿ ಕೂತು ನೋಡಿದರೆ ಕೆಲವೊಮ್ಮೆ ಸಿಗುತ್ತದೆ, ಹಿಂದಿನ ಕೋಣೆಗೆ ಹೋಗಿ ಬಂದರೆ ಮಾಯ. ಆ್ಯಪ್ ತೆಗೆದು ಮತ್ತೆ ಹಾಕಿದ್ದಾಯಿತು, ಸ್ಟ್ರೀಮರ್ ಅನ್ನು ಫ್ಯಾಕ್ಟರಿ ರೀಸೆಟ್ ಮಾಡಿದ್ದಾಯಿತು. ಏನೂ ಬದಲಾಗಲಿಲ್ಲ.

ಗುಟ್ಟು ಐಪಿ ನಂಬರಿನಲ್ಲಿತ್ತು. ಆ್ಯಪ್‌ಗೆ ಸ್ಟ್ರೀಮರ್ ಸಿಗದಿದ್ದಾಗ ಫೋನಿನ ವೈಫೈ ವಿವರ ತೆರೆದು ನೋಡಿದೆ: 192.168.1.7. ಸ್ಟ್ರೀಮರ್‌ನ ಪುಟ್ಟ ಪರದೆಯಲ್ಲಿ ಇದ್ದದ್ದು 192.168.0.12. ಚುಕ್ಕಿಗಳಿಂದ ಬಿಡಿಸಿದ ನಾಲ್ಕರಲ್ಲಿ ಮೂರನೇ ಅಂಕಿ ಬೇರೆ, ಒಂದರಲ್ಲಿ 1, ಇನ್ನೊಂದರಲ್ಲಿ 0. ಅಂದರೆ ಒಂದೇ ಮನೆಯಲ್ಲಿ ಎರಡು ನೆಟ್‌ವರ್ಕ್. ಫೈಬರ್ ಜೊತೆ ಬಂದ ಡಬ್ಬಿ ತಾನೇ ಒಂದು ರೂಟರ್, ಅದರದ್ದೊಂದು ವೈಫೈ. ಅದಕ್ಕೆ ಸಿಕ್ಕಿಸಿದ ಮೆಶ್ ಕೂಡ ತಾನೂ ರೂಟರ್ ಅಂತಲೇ ಶುರುವಾಗಿ ಇನ್ನೊಂದು ನೆಟ್‌ವರ್ಕ್ ಕಟ್ಟಿತ್ತು. ಸ್ಟ್ರೀಮರ್ ಮೆಶ್ ಕಡೆ. ಫೋನು ಹಿಂದಿನ ಕೋಣೆಯಲ್ಲಿ ಹಳೇ ವೈಫೈ ಹಿಡಿದುಕೊಂಡು, ಜಗಲಿಗೆ ಬಂದರೂ ಅದನ್ನೇ ಬಿಡದೆ ಎಳೆಯುತ್ತಿತ್ತು.

ಈ ಆ್ಯಪ್‌ಗಳು ಸ್ಟ್ರೀಮರ್ ಅನ್ನು ಹುಡುಕುವುದು ಕೂಗಿ ಕರೆದು. ಓಣಿಯಲ್ಲಿ ನಿಂತು "ಯಾರಾದರೂ ಇದ್ದೀರಾ" ಅಂತ ಕೂಗಿದ ಹಾಗೆ ನೆಟ್‌ವರ್ಕಿನೊಳಗೆ ಎಲ್ಲರಿಗೂ ಕೇಳುವ ಸಂದೇಶ ಬಿಡುತ್ತವೆ, ಇದ್ದವರು ಓಗೊಡುತ್ತಾರೆ. ಎಂಡಿಎನ್‌ಎಸ್, ಎಸ್‌ಎಸ್‌ಡಿಪಿ ಅಂತ ಎರಡು ಬಗೆ. ಒಂದಕ್ಕೆ ಪೋರ್ಟ್ 5353, ಇನ್ನೊಂದಕ್ಕೆ 1900. ಈ ಕೂಗು ರೂಟರ್ ದಾಟುವುದಿಲ್ಲ, ದಾಟಬಾರದು ಅಂತಲೇ ಮಾಡಿದ್ದು. ಹಾಡು ಇಂಟರ್ನೆಟ್ಟಿನಿಂದ ನೇರ ಸ್ಟ್ರೀಮರ್‌ಗೆ ಬರುತ್ತದೆ, ಹಾಗಾಗಿ ಅದು ನಡೆಯುತ್ತಲೇ ಇರುತ್ತದೆ. ಫೋನಿನ ಕೂಗು ಮಾತ್ರ ಆಚೆ ನೆಟ್‌ವರ್ಕಿನಲ್ಲೇ ಸತ್ತುಹೋಗುತ್ತದೆ.

ಪರಿಹಾರಕ್ಕೆ ಐದು ನಿಮಿಷ ಸಾಕು. ಮೆಶ್‌ನ ಸೆಟ್ಟಿಂಗ್‌ಗೆ ಹೋಗಿ ರೂಟರ್ ಮೋಡ್ ಬಿಟ್ಟು ಆ್ಯಕ್ಸೆಸ್ ಪಾಯಿಂಟ್ ಮೋಡ್ (ಬೇರೆ ನೆಟ್‌ವರ್ಕ್ ಕಟ್ಟದೆ ವೈಫೈ ಮಾತ್ರ ಹರಡುವ ಬಗೆ) ಆರಿಸಿ. ಫೈಬರ್ ಡಬ್ಬಿಯ ವೈಫೈ ಆಫ್ ಮಾಡಿ. ಆಗ ಐಪಿ ಹಂಚುವ ಯಜಮಾನ ಒಬ್ಬನೇ ಉಳಿಯುತ್ತಾನೆ, ಎಲ್ಲ ಸಾಧನದ ಮೂರನೇ ಅಂಕಿಯೂ ಒಂದೇ ಆಗುತ್ತದೆ. ಆ ಮೋಡ್ ಇಲ್ಲದ ಹಳೇ ರೂಟರ್ ಆದರೆ ಅದರ ಐಪಿಯನ್ನು ಮೊದಲ ಡಬ್ಬಿಯ ಸಾಲಿನಲ್ಲಿ ಖಾಲಿ ಇರುವ ಒಂದು ನಂಬರಿಗೆ ಬದಲಿಸಿ, ಡಿಎಚ್‌ಸಿಪಿ (ಐಪಿ ಹಂಚುವ ಕೆಲಸ) ಆಫ್ ಮಾಡಿ, ಕೇಬಲ್ಲನ್ನು ವ್ಯಾನ್ (ಇಂಟರ್ನೆಟ್) ಪೋರ್ಟಿನಿಂದ ತೆಗೆದು ಲ್ಯಾನ್ ಪೋರ್ಟಿಗೆ ಹಾಕಿ. ಅಂಕಿ ಒಂದೇ ಇದ್ದೂ ಸಿಗದಿದ್ದರೆ ಫೋನು ಗೆಸ್ಟ್ ವೈಫೈನಲ್ಲಿ ಇದೆಯಾ ನೋಡಿ, ಅದು ಸಾಧನಗಳನ್ನು ಒಂದಕ್ಕೊಂದು ಕಾಣದಂತೆ ಬೇರೆ ಇಡುತ್ತದೆ. ಫೋನಿನಲ್ಲಿ ವಿಪಿಎನ್ ಇದ್ದರೆ ಆಫ್ ಮಾಡಿ. ಐಫೋನ್ ಆದರೆ ಆ್ಯಪ್‌ಗೆ ಲೋಕಲ್ ನೆಟ್‌ವರ್ಕ್ ಅನುಮತಿ ಕೊಟ್ಟಿದ್ದೀರಾ ನೋಡಿ, 2020ರಲ್ಲಿ ಬಂದ ಐಒಎಸ್ 14ರಿಂದ ಅದನ್ನು ಕೇಳಲಾಗುತ್ತದೆ. ಒಮ್ಮೆ "ಬೇಡ" ಒತ್ತಿದವರು ಆಮೇಲೆ ಅದನ್ನು ಮರೆತೇಬಿಟ್ಟಿರುತ್ತಾರೆ.

ಇಷ್ಟು ಸರಿ ಮಾಡಿದ ಮೇಲೆ ಮೆಶ್ ಬಗ್ಗೆ ದೂರು ಒಂದೇ. ರಾತ್ರಿ ನಡುಮನೆಯ ಬಾಗಿಲು ಹಾಕಿದರೆ ಮತ್ತೆ ತಡವರಿಕೆ. ಆ ಸೆಟ್ಟಿನ ಬೆಲೆಯೂ ಆರೇಳು ಸಾವಿರ.

ಕೊನೆಗೆ ಕೇಬಲ್. ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲ್, ಹಿಂದಿನ ಕೋಣೆಯಿಂದ ಜಗಲಿವರೆಗೆ ತೊಲೆಯ ಗುಂಟ ಸುಮಾರು 30 ಮೀಟರ್. ಕ್ಯಾಟ್ 5ಇ ಆದರೂ ಸಾಕು, ಎರಡೂ 100 ಮೀಟರ್‌ವರೆಗೆ ಒಂದು ಗಿಗಾಬಿಟ್ ಒಯ್ಯುತ್ತವೆ. ಪೇಟೆಯಲ್ಲಿ ಕೊಳ್ಳುವಾಗ ಒಂದು ಎಚ್ಚರ. ತುದಿಯ ಸಿಪ್ಪೆ ಬಿಡಿಸಿ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗೆ ಇದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಬೆಲೆ ಕಡಿಮೆ ಇರುತ್ತದೆ, ಆದರೆ ಬಗ್ಗಿಸಿದರೆ ಬೇಗ ಮುರಿಯುತ್ತದೆ. ಕಡಲ ಉಪ್ಪುಗಾಳಿಯಲ್ಲಿ ಅಂಥ ತಂತಿ ನನಗೆ ಬೇಡವೇ ಬೇಡ.

ಕೇಬಲ್ಲಿನ ತುದಿಗಳ ಪ್ಲಗ್ ನಾನೇ ಒತ್ತಿ ಕೂರಿಸಿದೆ. ಬಣ್ಣದ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯ ಎರಡೂ ಬದಿಗೆ ಒಡೆದು ಕೂರುತ್ತದೆ, ಕೈ ತಪ್ಪುವುದು ಅಲ್ಲೇ. ತಂತಿಗಳ ಹೊಸೆತವನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬಾರದು, ಹೊರಗಿನ ಸಿಪ್ಪೆ ಪ್ಲಗ್ಗಿನ ಒಳಗೆ ಸ್ವಲ್ಪ ಹೋಗಿ ಕಚ್ಚಿಕೊಳ್ಳಬೇಕು. ಅಟ್ಟದಲ್ಲಿ ಇಲಿ ಕಾಟ ಇರುವುದರಿಂದ ಪೂರ್ತಿ ಪಿವಿಸಿ ಪೈಪಿನೊಳಗೆ ಹಾಕಿಸಿದೆ. ಗೋಡೆ ಕೊರೆಯುವುದು ಒಂದೇ ಕಡೆ ಬೇಕಾಯಿತು. ಚಿರೇಕಲ್ಲಿಗೆ ಡ್ರಿಲ್ ಸಲೀಸಾಗಿ ಇಳಿಯುತ್ತದೆ, ಧೂಳು ಮಾತ್ರ ಮನೆಯಿಡೀ ಕೆಂಪು. ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು.

ಈಗ ಪಿಂಗ್ ಬಿಟ್ಟರೆ ಪ್ರತಿ ಸಲವೂ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ರೂಟರ್ ಮತ್ತು ಜಗಲಿಯ ಪ್ಲಗ್ ಎರಡೂ ಇನ್ವರ್ಟರ್ ಮೇಲಿವೆ. ಕರೆಂಟು ಹೋದರೂ ಅಪ್ಪನ ತಾಳಮದ್ದಲೆಯ ಅರ್ಥಗಾರಿಕೆ ನಿಲ್ಲುವುದಿಲ್ಲ, ಫ್ಯಾನಿನ ಸದ್ದು ಸ್ವಲ್ಪ ಬದಲಾಗುತ್ತದೆ ಅಷ್ಟೇ.

ಕಾರವಾರದಲ್ಲಿ ಅಪಾರ್ಟ್‌ಮೆಂಟಿನಲ್ಲಿರುವ ನನ್ನ ತಂಗಿಗೆ ಇದೇ ಕೇಬಲ್ ಹಾಕಿಸು ಅಂತ ನಾನು ಹೇಳಲಿಲ್ಲ. ಇಟ್ಟಿಗೆಯ ತೆಳು ಗೋಡೆ, ಬಾಡಿಗೆ ಮನೆ, ಗೋಡೆ ಕೊರೆಯಲು ಮಾಲೀಕರು ಬಿಡರು. ಅವಳಿಗೆ ರೂಟರ್ ಅನ್ನು ಹಾಲ್‌ಗೆ ತಂದು 5 ಗಿಗಾಹರ್ಟ್ಜ್‌ನಲ್ಲಿ ಇಟ್ಟದ್ದೇ ಸಾಕಾಯಿತು. ದೊಡ್ಡ ಮನೆ, ಎಲ್ಲ ಕೋಣೆಯಲ್ಲೂ ವೈಫೈ ಬೇಕು, ಕೈಯಲ್ಲಿ ದುಡ್ಡೂ ಇದೆ ಅನ್ನುವವರು ಮೆಶ್ ತೆಗೆದುಕೊಳ್ಳಿ. ಅದರ ಎರಡು ಡಬ್ಬಿಗಳ ನಡುವೆಯೂ ಕೇಬಲ್ ಎಳೆದುಬಿಟ್ಟರೆ ಬಾಗಿಲು ಹಾಕಿದರೂ ಚಿಂತೆ ಇಲ್ಲ.

ಕೇಬಲ್‌ಗೆ ಇರುವ ಒಂದು ಭಯ ಸಿಡಿಲು. ತಾಮ್ರದ ತಂತಿ ಉದ್ದ ಇದ್ದಷ್ಟೂ ಹತ್ತಿರ ಸಿಡಿಲು ಬಡಿದಾಗ ಅದರಲ್ಲಿ ಏಳುವ ವೋಲ್ಟೇಜು ಎರಡೂ ತುದಿಯ ಡಬ್ಬಿಗಳನ್ನು ಸುಡಬಹುದು. ಮೇ ತಿಂಗಳ ಕೊನೆಯಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ, ಗುಡುಗು ದೂರದಲ್ಲಿ ಶುರುವಾದಾಗಲೇ ಎರಡೂ ತುದಿ ಕಿತ್ತಿಡಿ, ಪವರ್ ಪ್ಲಗ್ ಕೂಡ. ತಲೆ ಮೇಲೆ ಗುಡುಗುವಾಗ ಕೇಬಲ್ ಮುಟ್ಟಲು ಹೋಗಬೇಡಿ. ಮನೆಯಿಂದ ಅಂಗಳ ದಾಟಿ ಕೊಟ್ಟಿಗೆಗೋ ತೋಟದ ಮನೆಗೋ ನೆಟ್‌ವರ್ಕ್ ಒಯ್ಯಬೇಕಿದ್ದರೆ ತಾಮ್ರದ ಆಸೆ ಬಿಡಿ. ಲೋಹದ ತಂತಿ ಸೇರದ ಫೈಬರ್ ಕೇಬಲ್ ಮತ್ತು ಎರಡು ತುದಿಗೆ ಎರಡು ಮೀಡಿಯಾ ಕನ್ವರ್ಟರ್ (ಫೈಬರ್‌ಗೂ ಲ್ಯಾನ್ ಕೇಬಲ್ಲಿಗೂ ನಡುವೆ ಸಂಕೇತ ಬದಲಿಸುವ ಡಬ್ಬಿ) ಹಾಕಿಸಿ.