ಲಕ್ಸಿಲಾನ್ ಅಲು ಪವರ್ 125, 220 ಮೀಟರ್ ಟೆನಿಸ್ ಸ್ಟ್ರಿಂಗ್ ರೀಲ್: 500ರಾಚೆಯ ರ‍್ಯಾಂಕಿನವರಿಗೆ ಗಿಟ್ಟುತ್ತದೆಯೇ?

ವೃತ್ತಿಪರ ಟೆನಿಸ್‌ನ ಅತಿ ಕೆಳಗಿನ ಮೆಟ್ಟಿಲಾದ ಪುರುಷರ ಎಂ15 ಟೂರ್ನಿಯ ಸಿಂಗಲ್ಸ್‌ನಲ್ಲಿ ಮೊದಲ ಸುತ್ತಿಗೇ ಸೋತವರ ಕೈಗೆ ಬರುವುದು 200 ಡಾಲರ್‌ಗೂ ಕಡಿಮೆ. ಊಟ, ವಸತಿ, ಓಡಾಟ ಎಲ್ಲವೂ ಅದರಲ್ಲೇ ಆಗಬೇಕು. ದೇಶದ ನಂಬರ್ ಒನ್ ಆಗಿದ್ದ ಸುಮಿತ್ ನಾಗಲ್ ಅವರೇ 2023ರಲ್ಲಿ ಖಾತೆಯಲ್ಲಿ ಉಳಿದಿರುವುದು 900 ಯೂರೊ ಎಂದು ಹೇಳಿಕೊಂಡಿದ್ದರು. ವಾರವಿಡೀ ರಾಕೆಟ್‌ಗಳಿಗೆ ಸ್ಟ್ರಿಂಗ್ ಹಾಕಿಸುವ ಖರ್ಚು ಇಂಥವರಿಗೆ ಸಣ್ಣದಲ್ಲ.

ಅಲು ಪವರ್ ಬೆಲ್ಜಿಯಂನ ಲಕ್ಸಿಲಾನ್ ತಯಾರಿಸುವ ಪಾಲಿಯೆಸ್ಟರ್ ಸ್ಟ್ರಿಂಗ್. 1997ರಲ್ಲಿ 66ನೇ ರ‍್ಯಾಂಕಿನ ಗುಸ್ತಾವೊ ಕುಯೆರ್ಟೆನ್ ಫ್ರೆಂಚ್ ಓಪನ್ ಗೆದ್ದದ್ದು ಇದೇ ಕಂಪನಿಯ ಸ್ಟ್ರಿಂಗ್ ಹಾಕಿಕೊಂಡು. ಮೈಬಿಟ್ಟು ಬೀಸಿದರೂ ಚೆಂಡು ಗೆರೆಯೊಳಗೆ ಇಳಿಯುತ್ತದೆ. ಉದ್ದದ ಎಳೆಗಳು ಪಕ್ಕಕ್ಕೆ ಜಾರಿ ಪಟ್ಟನೆ ಜಾಗಕ್ಕೆ ಮರಳುವುದರಿಂದ ಸ್ಪಿನ್ ಧಾರಾಳ. ಹೊಸದಾಗಿ ಹಾಕಿದಾಗ ಕೈಗೆ ಇಷ್ಟು ಸ್ಪಷ್ಟ ಅನುಭವ ಕೊಡುವ ಪಾಲಿ (ಪಾಲಿಯೆಸ್ಟರ್ ಸ್ಟ್ರಿಂಗ್) ತೀರಾ ಕಡಿಮೆ.

ತೊಂದರೆ ಇರುವುದು ಆಮೇಲೆ. ಎಲ್ಲ ಪಾಲಿಯಂತೆ ಇದೂ ಬೇಗ ಸಡಿಲವಾಗುತ್ತದೆ. ಹಾಕಿದ ಒಂದೇ ದಿನದಲ್ಲಿ ಶೇ 10ರ ಆಸುಪಾಸು ಟೆನ್ಷನ್ (ಎಳೆಯ ಬಿಗಿತ) ಇಳಿಯುತ್ತದೆ. 50 ಪೌಂಡ್‌ಗೆ ಹಾಕಿದ್ದು 45ರ ಹತ್ತಿರ. ಹತ್ತು ಗಂಟೆ ಆಡುವಷ್ಟರಲ್ಲಿ ಸ್ಟ್ರಿಂಗ್ ಡೆಡ್. ತುಂಡಾಗಿರುವುದಿಲ್ಲ, ಆದರೆ ಎಳೆ ಜಾಗಕ್ಕೆ ಮರಳುವುದಿಲ್ಲ, ಚೆಂಡು ಹೇಳದೆ ಕೇಳದೆ ಉದ್ದ ಹೋಗುತ್ತದೆ. ಮೇಲಿನ ಹಂತದವರು ಹೊಸ ಚೆಂಡು ಬಂದಾಗ ಹೊಸ ರಾಕೆಟ್ ತೆಗೆಯುತ್ತಾರೆ. ಮೂರೇ ರಾಕೆಟ್ ಇರುವವರು ತುಂಡಾಗುವವರೆಗೂ ಆಡುತ್ತಾರೆ, ಮೊಣಕೈ ನೋವು ಶುರುವಾಗುವುದು ಅಲ್ಲೇ. ಡೆಡ್ ಆದ ಪಾಲಿಯನ್ನು ಕತ್ತರಿಸಿ ಎಸೆಯಲೇಬೇಕು.

ಹಾಗಾಗಿ ಬಿಡಿ ಪ್ಯಾಕೆಟ್ ಬೇಡ, ರೀಲೇ ಸರಿ. 98 ಚದರ ಇಂಚಿನ, 16×19 ಹೆಣಿಗೆಯ (ಉದ್ದಕ್ಕೆ 16, ಅಡ್ಡಕ್ಕೆ 19 ಎಳೆ) ರಾಕೆಟ್‌ಗೆ 11 ಮೀಟರ್ ಸಾಕು. ಒಂದು ರೀಲ್‌ನಲ್ಲಿ 20 ರಾಕೆಟ್. ಇನ್ನೂ ಎಳೆಯಬೇಕೆಂದರೆ ಉದ್ದಕ್ಕೆ ಮಾತ್ರ ಅಲು ಪವರ್, 6 ಮೀಟರ್. ಅಡ್ಡಕ್ಕೆ ಅಗ್ಗದ ಸಿಂಥೆಟಿಕ್ ಗಟ್, ಅಂದರೆ ನೈಲಾನ್ ಸ್ಟ್ರಿಂಗ್. ಆಗ 36 ರಾಕೆಟ್ ಆಗುತ್ತವೆ, ಕೈಗೂ ಮೆತ್ತಗೆ. ಆದರೆ ಗಟ್ಟಿ ಪಾಲಿ ಅಡ್ಡದ ಎಳೆಯನ್ನು ಗರಗಸದಂತೆ ಕೊರೆಯುತ್ತದೆ. ಜೋರು ಟಾಪ್‌ಸ್ಪಿನ್ ಹೊಡೆಯುವವರಿಗೆ ಈ ಜೋಡಿ ಬೇಗ ತುಂಡಾಗುತ್ತದೆ, ಅವರಿಗೆ ಪೂರ್ತಿ ಪಾಲಿಯೇ ವಾಸಿ.

ರೀಲ್‌ನಿಂದ ನಿಜವಾಗಿ ಉಳಿತಾಯವಾಗುವುದು ಸ್ಟ್ರಿಂಗ್ ಹಾಕುವ ಸ್ವಂತ ಮಷಿನ್ ಇದ್ದರೆ. ಮೇಜಿನ ಮೇಲಿಡುವ, ತೂಕದ ದಂಡ ಇಳಿಬಿಡುವ ಮಷಿನ್ ಸಾಕು. ಹಳೆಯ ಸ್ಟ್ರಿಂಗ್ ಅನ್ನು ನಡುವಿನಿಂದ ಹೊರಗೆ, ಉದ್ದ ಅಡ್ಡ ಎರಡನ್ನೂ ಸಮವಾಗಿ ಕತ್ತರಿಸಿ. ಒಂದೇ ಕಡೆಯಿಂದ ಕತ್ತರಿಸಿದರೆ ಫ್ರೇಮ್ ಮೇಲಿನ ಒತ್ತಡ ಏರುಪೇರಾಗುತ್ತದೆ. ರೀಲ್‌ನಿಂದ ಬಿಚ್ಚುವಾಗ ಸುರುಳಿ ಮಡಿಕೆ ಬೀಳಬಾರದು, ಮಡಿಕೆ ಬಿದ್ದ ಜಾಗದಲ್ಲೇ ಆಮೇಲೆ ತುಂಡಾಗುವುದು. ಪ್ರತಿ ಎಳೆತಕ್ಕೂ ದಂಡ ನೆಲಕ್ಕೆ ಸಮಾನಾಂತರವಾಗಿ ನಿಲ್ಲಬೇಕು. ಕ್ಲ್ಯಾಂಪ್ ಸಡಿಲವಿದ್ದರೆ ಎಳೆ ಜಾರಿ ಮೇಲ್ಮೈ ಉಜ್ಜಿದ ಗುರುತು ಬೀಳುತ್ತದೆ, ಅತಿ ಬಿಗಿಯಾದರೆ ಜಜ್ಜುತ್ತದೆ. ಅಡ್ಡದ ಎಳೆ ಹೆಣೆಯುವಾಗ ಯಾವಾಗಲೂ ಒಂದು ಸಾಲು ಮುಂದೆ ಹೆಣೆದಿಟ್ಟುಕೊಂಡರೆ ಉಜ್ಜಾಟ ಕಡಿಮೆ. ಕೈ ಪಳಗಿದರೆ ಮುಕ್ಕಾಲು ಗಂಟೆಯ ಕೆಲಸ.

ಟೆನ್ಷನ್ 48ರಿಂದ 52 ಪೌಂಡ್ ಸಾಕು. ಹಿಡಿಕೆ ತಿರುಗಿಸಿ ಲಾಕ್ ಆಗುವ ಮಷಿನ್‌ನಲ್ಲಿ ಅಂಗಡಿಯವರು ಹಾಕಿಕೊಟ್ಟರೆ ಅದೇ ಅಂಕಿಗೆ ಸ್ವಲ್ಪ ಸಡಿಲ ಬರುತ್ತದೆ, ಒಂದೆರಡು ಪೌಂಡ್ ಜಾಸ್ತಿ ಹೇಳಿ. ಸಮುದ್ರಮಟ್ಟದ ಚೆನ್ನೈನಿಂದ ಬೆಂಗಳೂರಿನ ಕಬ್ಬನ್ ಪಾರ್ಕ್‌ನ ಕೆಎಸ್‌ಎಲ್‌ಟಿಎ (ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಅಂಗಳಕ್ಕೆ ಬರುವವರಿಗೂ ಇದೇ ಮಾತು, ಒಂದೆರಡು ಪೌಂಡ್ ಜಾಸ್ತಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಚೆಂಡು ಹಾರುತ್ತದೆ. ಎತ್ತರದ ಊರುಗಳಿಗೆಂದೇ ಇರುವ ಚೆಂಡು 1,219 ಮೀಟರ್ ದಾಟಿದರೆ ಮಾತ್ರ, ಇಲ್ಲಿ ಮಾಮೂಲಿ ಚೆಂಡೇ.

ಪಂದ್ಯದ ರಾಕೆಟ್‌ಗೆ ಹಿಂದಿನ ಸಂಜೆಯೇ ಸ್ಟ್ರಿಂಗ್ ಹಾಕಿ, ಮೂರು ದಿನ ಮೊದಲಲ್ಲ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬ್ಯಾಗ್ ಬಿಡಬೇಡಿ, ಬಿಸಿಗೆ ಇನ್ನಷ್ಟು ಸಡಿಲವಾಗುತ್ತದೆ. ಹಿಡಿಯ ಮೇಲ್ಭಾಗಕ್ಕೆ ಒಂದು ತುಂಡು ಟೇಪ್ ಅಂಟಿಸಿ ತಾರೀಖು, ಟೆನ್ಷನ್, ಆಡಿದ ಗಂಟೆ ಬರೆದಿಡಿ; ಮೂರು ರಾಕೆಟ್‌ಗಳಲ್ಲಿ ಯಾವುದು ಡೆಡ್ ಎಂದು ಮೂರನೇ ಸೆಟ್‌ನಲ್ಲಿ ತಡಕಾಡುವುದು ತಪ್ಪುತ್ತದೆ.