ಘಟ್ಟದ ಮೇಲೆ ಫೈಬರ್ ಕಡಿದಾಗ: ಸ್ಟ್ಯಾಟಿಕ್, ರಿಪ್, ಓಎಸ್‌ಪಿಎಫ್

ಶಿರಸಿಯಲ್ಲಿ ಪ್ರಧಾನ ಕಚೇರಿ, ಯಲ್ಲಾಪುರ ಮತ್ತು ಸಿದ್ದಾಪುರದಲ್ಲಿ ಅಡಿಕೆ ವಖಾರಿ, ಕುಮಟಾ ಮತ್ತು ಕಾರವಾರದಲ್ಲಿ ಶಾಖೆ: ನಾನು ನೋಡಿಕೊಳ್ಳುವ ಜಾಲ ಇಷ್ಟು. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಮರ ಉರುಳಿದರೆ ಶಿರಸಿ–ಕುಮಟಾ ಫೈಬರ್ ಕಡಿಯುತ್ತದೆ. ಆಗ ರೂಟರ್ ತಾನಾಗಿ ದಾರಿ ಬದಲಿಸುತ್ತದೆಯೇ ಎಂಬುದೇ ನನಗೆ ಮುಖ್ಯ. ಸ್ಟ್ಯಾಟಿಕ್ ಎಂದರೆ ರೂಟರಿನಲ್ಲಿ ಕೈಯಾರೆ ಬರೆದಿಟ್ಟ ದಾರಿ; ರಿಪ್, ಓಎಸ್‌ಪಿಎಫ್ ಎಂದರೆ ರೂಟರ್‌ಗಳು ತಮ್ಮೊಳಗೇ ದಾರಿ ತಿಳಿಸಿಕೊಳ್ಳುವ ನಿಯಮಾವಳಿಗಳು.

ಸ್ಟ್ಯಾಟಿಕ್ ರೂಟ್ ಇಲ್ಲಿಯೇ ಸೋಲುತ್ತದೆ. ಫೈಬರ್ ಘಟ್ಟದಲ್ಲಿ ತುಂಡಾದರೂ ನಮ್ಮ ಕಚೇರಿಯ ರೂಟರ್ ಮತ್ತು ಮೀಡಿಯಾ ಕನ್ವರ್ಟರ್ (ಫೈಬರನ್ನು ಸಾದಾ ಕೇಬಲಿಗೆ ಬೆಸೆಯುವ ಪೆಟ್ಟಿಗೆ) ನಡುವಿನ ಕೇಬಲ್ ಸರಿಯಾಗಿಯೇ ಇರುತ್ತದೆ. ಪೋರ್ಟಿನ ದೀಪ ಉರಿಯುತ್ತದೆ, ಸತ್ತ ದಾರಿ ರೂಟರಿನ ದಾರಿಗಳ ಕೋಷ್ಟಕದಲ್ಲಿ ಉಳಿಯುತ್ತದೆ, ಬದಲಿಗಿಟ್ಟ 4ಜಿ ಟನಲ್ (ಮೊಬೈಲ್ ಜಾಲದ ಮೇಲಿನ ಖಾಸಗಿ ಸಂಪರ್ಕ) ಸುಮ್ಮನೆ ಕಾಯುತ್ತದೆ. ಆಚೆ ತುದಿ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್ ಪರೀಕ್ಷೆ ಜೋಡಿಸಿದರೆ ಕೆಲಸವೇನೋ ಆಗುತ್ತದೆ. ಆದರೆ ಒಂದು ತುದಿ 4ಜಿಗೆ ಹೊರಳಿ ಇನ್ನೊಂದು ತುದಿ ಫೈಬರಿನಲ್ಲೇ ನಿಂತರೆ ಹೋದ ಪ್ಯಾಕೆಟ್ಟಿಗೆ ಉತ್ತರ ಬರುವುದಿಲ್ಲ.

ರಿಪ್ ಎರಡನೇ ಆವೃತ್ತಿಯನ್ನು ಅಳವಡಿಸುವುದು ಬಲು ಸುಲಭ. ಆದರೆ ಅದಕ್ಕೆ ಗೊತ್ತಿರುವುದು ಹಾಪ್ ಎಣಿಕೆ ಮಾತ್ರ, ಅಂದರೆ ಒಂದು ರೂಟರಿನಿಂದ ಇನ್ನೊಂದಕ್ಕೆ ಎಷ್ಟು ನೆಗೆತ ಎಂಬುದು; ಕೊಂಡಿಯ ವೇಗವಲ್ಲ. ಕಾರವಾರದಿಂದ ಶಿರಸಿಗೆ ಕುಮಟಾ ಮೂಲಕ ಫೈಬರಿನಲ್ಲಿ ಎರಡು ಹಾಪ್, ನೇರ 4ಜಿ ಟನಲಿನಲ್ಲಿ ಒಂದೇ. ಫೈಬರ್ ಗಟ್ಟಿಯಾಗಿರುವಾಗಲೂ ರಿಪ್ 4ಜಿಯನ್ನೇ ಹಿಡಿಯಿತು! ನೆರೆಯ ರೂಟರ್ ಮೌನವಾದರೆ ದಾರಿ ಕೈಬಿಡಲು ಅದಕ್ಕೆ 180 ಸೆಕೆಂಡ್ ಬೇಕು. ಸಾಲುಗಟ್ಟಿ ನಿಂತ ರೈತರೆದುರು ಬಿಲ್ಲಿಂಗ್ ಅಷ್ಟು ಹೊತ್ತು ನಿಲ್ಲಬಾರದು. ಸಿಸ್ಕೊ ಕಂಪನಿಯ ನಿಯಮಾವಳಿಯಾದ ಈಐಜಿಆರ್‌ಪಿ ನಮಗೆ ಒಗ್ಗದು: ಸಿಸ್ಕೊ ಜೊತೆ ಮೈಕ್ರೊಟಿಕ್ ರೂಟರ್‌ಗಳೂ ಇವೆ, ಅವುಗಳಲ್ಲಿ ಅದಿಲ್ಲ.

ಓಎಸ್‌ಪಿಎಫ್ ಗೆದ್ದದ್ದು ಕಾಸ್ಟ್ (ಕೊಂಡಿಯ ವೆಚ್ಚ) ಎಂಬ ಒಂದು ಅಂಕಿಯಿಂದ. ಒಟ್ಟು ಕಾಸ್ಟ್ ಕಡಿಮೆ ಇರುವ ದಾರಿಯನ್ನೇ ಅದು ಹಿಡಿಯುತ್ತದೆ. ಪ್ರತಿ ಫೈಬರ್ ಕೊಂಡಿಗೆ 10, 4ಜಿಗೆ 100 ಕೊಟ್ಟೆ. ಕುಮಟಾ ಮೂಲಕ ಒಟ್ಟು 20, ಅದೇ ದಾರಿ. ಕಾಸ್ಟನ್ನು ಕೈಯಾರೆ ಕೊಡುವುದೇ ಒಳ್ಳೆಯದು, ಏಕೆಂದರೆ ಸಿಸ್ಕೊದ ಮೂಲ ಲೆಕ್ಕ 100 ಎಂಬಿಪಿಎಸ್ ಮೇಲೆ ನಿಂತಿದೆ, ಆ ವೇಗದ ಕೊಂಡಿಗೂ 1 ಜಿಬಿಪಿಎಸ್ ಕೊಂಡಿಗೂ ಅದು 1ನ್ನೇ ಕೊಡುತ್ತದೆ. ‘ನಾನಿದ್ದೇನೆ’ ಎಂದು ನೆರೆಯ ರೂಟರಿಗೆ ಹೇಳುವ ಹಲೋ ಸಂದೇಶ 10 ಸೆಕೆಂಡಿಗೊಮ್ಮೆ. 40 ಸೆಕೆಂಡ್ ಬಾರದಿದ್ದರೆ ನೆರೆಯ ರೂಟರ್ ಇಲ್ಲವೆಂದೇ ಅರ್ಥ. ಇದನ್ನು ಇನ್ನೂ ಇಳಿಸಬಹುದು, ಎರಡೂ ತುದಿಯಲ್ಲಿ ಒಂದೇ ಅಂಕಿ ಇರಬೇಕಷ್ಟೆ. ಹಲೋ ಮಲ್ಟಿಕಾಸ್ಟ್ (ಒಮ್ಮೆಗೇ ಹಲವರಿಗೆ ಹೋಗುವ ಸಂದೇಶ) ಆಗಿರುವುದರಿಂದ, 4ಜಿಯಲ್ಲಿ ಡೇಟಾವನ್ನು ಗುಪ್ತವಾಗಿಡುವ ಐಪಿಸೆಕ್ ಒಳಗೆ ಅಂಥ ಸಂದೇಶವನ್ನೂ ಹೊರಬಲ್ಲ ಜಿಆರ್‌ಇ ಟನಲ್ ಹಾಕಿದ್ದೇನೆ.

ಸ್ಟ್ಯಾಟಿಕ್ ಬಿಟ್ಟು ಓಎಸ್‌ಪಿಎಫ್‌ಗೆ ಬದಲಾಗುವ ದಿನ ಹೆದರಬೇಕಿಲ್ಲ. ಒಂದೇ ಜಾಲಕ್ಕೆ ಎರಡು ಮೂಲದ ದಾರಿಗಳಿದ್ದರೆ ಯಾವುದನ್ನು ನಂಬಬೇಕೆಂದು ರೂಟರ್ ನೋಡುವ ಅಂಕಿ ಡಿಸ್ಟೆನ್ಸ್. ಸ್ಟ್ಯಾಟಿಕ್ ರೂಟಿನ ಡಿಸ್ಟೆನ್ಸ್ 1, ಓಎಸ್‌ಪಿಎಫ್‌ನದು 110. ಕಡಿಮೆ ಇದ್ದದ್ದು ಗೆಲ್ಲುತ್ತದೆ. ಮೊದಲು ಓಎಸ್‌ಪಿಎಫ್ ಚಾಲೂ ಮಾಡಿ, ನೆರೆಯ ರೂಟರುಗಳೆಲ್ಲ ‘ಫುಲ್’ (ಮಾಹಿತಿ ಪೂರ್ತಿ ಹಂಚಿಕೊಂಡ) ಸ್ಥಿತಿಗೆ ಬಂದ ಮೇಲೆ ಒಂದೊಂದೇ ಶಾಖೆಯ ಸ್ಟ್ಯಾಟಿಕ್ ರೂಟುಗಳ ಡಿಸ್ಟೆನ್ಸನ್ನು 200ಕ್ಕೆ ಏರಿಸಿ. ಅಳಿಸುವುದು ಆಮೇಲೆ.

ಸಿದ್ದಾಪುರದ ವಖಾರಿಗೆ ಇರುವುದು ಒಂದೇ ಸಂಪರ್ಕ. ಅಲ್ಲಿ ಸ್ಟ್ಯಾಟಿಕ್ ರೂಟನ್ನೇ ಉಳಿಸಿದ್ದೇನೆ. ಆ ಜಾಲದ ವಿಳಾಸವನ್ನು ಶಿರಸಿಯ ರೂಟರ್ ಓಎಸ್‌ಪಿಎಫ್ ಮೂಲಕ ಉಳಿದ ಶಾಖೆಗಳಿಗೆ ತಿಳಿಸುತ್ತದೆ.