ತೂಕ ಇಳಿಸುವ ಕ್ಲಿನಿಕ್: ಹದಿನಾಲ್ಕು ತಿಂಗಳಾದ ಮೇಲೆ

ದಾವಣಗೆರೆಯ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಒಂದು ವರ್ಷದ ಪ್ಯಾಕೇಜ್ ತೆಗೆದುಕೊಂಡಿದ್ದೆ. ಸೇರಿದಾಗ 81 ಕೆಜಿ ಇದ್ದೆ, ಈಗ 71.5. ಸೊಂಟದ ಸುತ್ತಳತೆ 102 ಸೆಂ.ಮೀ.ನಿಂದ 91ಕ್ಕೆ ಬಂದಿದೆ. ಹೆಂಗಸರಿಗೆ ಅದು 80 ದಾಟಬಾರದಂತೆ, ಇನ್ನೂ ಇಳಿಯಬೇಕು.

ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಲೆಕ್ಕ) 30 ದಾಟಿದರೆ ಮಾತ್ರ ಬೊಜ್ಜು ಅಂದುಕೊಂಡಿದ್ದೆ. ಭಾರತೀಯರಿಗೆ 25ಕ್ಕೇ ಬೊಜ್ಜು ಅಂತ ಲೆಕ್ಕ ಎಂದು ಡಾಕ್ಟರ್ ಹೇಳಿದರು. ನಮಗೆ ಕೊಬ್ಬು ಹೊಟ್ಟೆಯಲ್ಲೇ ಜಾಸ್ತಿ ಸೇರುತ್ತದೆ, ಶುಗರ್ ಬೇಗ ಬರುತ್ತದೆ.

ನನಗೆ ನಿಜವಾಗಿ ಉಪಯೋಗವಾದದ್ದು ಡಯಟೀಷಿಯನ್‌ರಿಂದ. "ಅಕ್ಕಾ, ತಿಂಗಳಿಗೆ ಎಣ್ಣೆ ಎಷ್ಟು ತರ್ತೀರಿ?" ಎಂದೇ ಮಾತು ಶುರು ಮಾಡಿದರು. ಐದು ಲೀಟರ್ ಕ್ಯಾನ್, ನಾಲ್ಕು ಜನ ಅಂದೆ. ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ ದಿನಕ್ಕೆ ಎಂಟು ಟೀ ಚಮಚ! ಅಷ್ಟು ನೀರನ್ನು ಚಮಚದಲ್ಲೇ ಎಣಿಸಿ ಸ್ಟೀಲ್ ಬಟ್ಟಲಿಗೆ ಹಾಕಿ ನನ್ನ ಮುಂದಿಟ್ಟರು. "ಇದು ಎಣ್ಣೆ ಅಂದ್ಕೊಳ್ಳಿ, ಕುಡೀತೀರಾ?" ಆ ಬಟ್ಟಲು ಇವತ್ತಿಗೂ ಕಣ್ಣಮುಂದೆ ಇದೆ. ಈಗ ನಮ್ಮ ಮನೆಗೆ ಮೂರು ಲೀಟರ್ ಸಾಕು. ರೊಟ್ಟಿ ಬಿಡಿಸಲಿಲ್ಲ, ಅನ್ನ ಕಡಿಮೆ ಮಾಡಿಸಿದರು. ಮಂಡಕ್ಕಿ ತಿನ್ನಿ, ಜೊತೆಗೆ ಮಿರ್ಚಿ ಬೇಡ ಅಂದರು.

ಎಂಟನೇ ತಿಂಗಳಲ್ಲಿ ಅವರು ಕೆಲಸ ಬಿಟ್ಟರು. ಹೊಸಬರು ಓಟ್ಸ್, ಬ್ರೊಕೊಲಿ ಇರೋ ಪ್ರಿಂಟೆಡ್ ಚಾರ್ಟ್ ಕೊಟ್ಟರು. ನಮ್ಮ ಮನೆಯಲ್ಲಿ ಏನು ಬೇಯಿಸುತ್ತೇವೆ ಅಂತ ಒಂದು ಮಾತೂ ಕೇಳಲಿಲ್ಲ. ಹೋದಾಗೆಲ್ಲ ಪ್ರೋಟೀನ್ ಪೌಡರ್ ಡಬ್ಬ ತಗೊಳ್ಳಿ ಅನ್ನೋ ಒತ್ತಾಯ ಬೇರೆ. ಮೂರು ತಿಂಗಳು ತೂಕ 74ರಲ್ಲೇ ನಿಂತಿತ್ತು. ಕೊನೆಗೆ ಮೊದಲಿನವರು ಕೊಟ್ಟಿದ್ದ ಹಳೇ ಚೀಟಿಯನ್ನೇ ಮತ್ತೆ ಹಿಡಿದೆ.

ತೂಕ ಇಳಿಸೋಕೆ ವಾರಕ್ಕೊಂದು ಚುಚ್ಚುವ ಮೌಂಜಾರೋ ಅನ್ನೋ ಇಂಜೆಕ್ಷನ್ ಬಗ್ಗೆಯೂ ಕೇಳಿದ್ದೆ. 2025ರ ಮಾರ್ಚ್‌ನಲ್ಲಿ ಅದು ಭಾರತಕ್ಕೆ ಬಂದಾಗ ಕಡಿಮೆ ಡೋಸ್‌ಗೇ ತಿಂಗಳಿಗೆ 14,000 ರೂಪಾಯಿ ಇತ್ತು. ನಿಲ್ಲಿಸಿದರೆ ತೂಕ ಸಾಮಾನ್ಯವಾಗಿ ಮತ್ತೆ ಏರುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದರು. ನಾನು ಬೇಡ ಅಂದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 100 ಹೆಂಗಸರಲ್ಲಿ 30 ಜನರ ತೂಕ ಮಿತಿ ಮೀರಿತ್ತು. ಹಿಂದಿನ ಸಮೀಕ್ಷೆಯಲ್ಲಿ ಅದು 23. ಇವರೆಲ್ಲ ಪ್ಯಾಕೇಜ್ ದುಡ್ಡು ಎಲ್ಲಿಂದ ತರಬೇಕು? ಬಿಪಿ, ಶುಗರ್‌ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಎನ್‌ಸಿಡಿ (ಒಬ್ಬರಿಂದ ಒಬ್ಬರಿಗೆ ಹರಡದ ಕಾಯಿಲೆಗಳ) ಕ್ಲಿನಿಕ್ ಇದೆ. ಅಲ್ಲೇ ಎಣ್ಣೆ ಲೆಕ್ಕ ಕೇಳೋರು ಒಬ್ಬರು ಕೂತರೆ ಎಷ್ಟು ಮನೆಗೆ ಅನುಕೂಲ, ಅಲ್ವಾ?

ಪ್ಯಾಕೇಜ್ ಮುಂದುವರಿಸಿಲ್ಲ. ಆ ಹಳೇ ಡಯಟೀಷಿಯನ್ ಈಗ ಬೇರೆ ಕಡೆ ಇದ್ದಾರೆ. ಎರಡು ತಿಂಗಳಿಗೊಮ್ಮೆ ಅವರ ಹತ್ತಿರವೇ ಹೋಗುತ್ತೇನೆ.